ಒಂದು ಪರೀಕ್ಷೆ, ಹಲವು ಪಠ್ಯಗಳು: ರಾಷ್ಟ್ರೀಯ ವೈದ್ಯಕೀಯ ಪ್ರವೇಶ ಪರೀಕ್ಷೆಯ ಪ್ರಾದೇಶಿಕ ಭಾಷಾ ಆವೃತ್ತಿಗಳ ಚರಿತ್ರೆ

ಸಾರಾಂಶ

ವೈದ್ಯಕೀಯ ಪದವಿ ಪ್ರವೇಶಕ್ಕಾಗಿ ನಡೆಯುವ ರಾಷ್ಟ್ರೀಯ ಅರ್ಹತಾ ಹಾಗೂ ಪ್ರವೇಶ ಪರೀಕ್ಷೆ (ನೀಟ್) 2013ರಿಂದ 2021ರವರೆಗಿನ ಅವಧಿಯಲ್ಲಿ ಎಂಟು ಭಾಷೆಗಳಿಂದ ಹದಿಮೂರು ಭಾಷೆಗಳಿಗೆ ವಿಸ್ತರಿಸಿತು. ಈ ವಿಸ್ತರಣೆಯನ್ನು ಸಾಮಾನ್ಯವಾಗಿ ಭಾಷಾ ಹಕ್ಕುಗಳ ಗೆಲುವೆಂದು ಬಣ್ಣಿಸಲಾಗುತ್ತದೆ. ಪ್ರಸ್ತುತ ಪ್ರಬಂಧವು ಈ ಚರಿತ್ರೆಯನ್ನು ಭಾಷಾ ಯೋಜನೆಯ ದೃಷ್ಟಿಯಿಂದ ಮರುಪರಿಶೀಲಿಸುತ್ತದೆ. ಪರೀಕ್ಷೆಯ ಪ್ರಾದೇಶಿಕ ಆವೃತ್ತಿಯ ಬಳಕೆಯು ಆ ಭಾಷೆಯನ್ನಾಡುವವರ ಸಂಖ್ಯೆಯನ್ನಾಗಲಿ ಅಭಿಮಾನವನ್ನಾಗಲಿ ಅವಲಂಬಿಸದೆ, ಆ ಭಾಷೆಯ ಶಾಸ್ತ್ರಭಾಷೆಯು ಹನ್ನೆರಡನೆಯ ತರಗತಿಯವರೆಗೆ ತರಗತಿಯಲ್ಲಿ ಜೀವಂತವಾಗಿದೆಯೇ ಎಂಬುದನ್ನು ಅವಲಂಬಿಸಿದೆ ಎಂದು ನಾವು ವಾದಿಸುತ್ತೇವೆ. ಕನ್ನಡ ಆವೃತ್ತಿಯನ್ನು ನಿದರ್ಶನವಾಗಿ ಪರಿಶೀಲಿಸಲಾಗಿದೆ.

ಪ್ರಮುಖ ಪದಗಳು: ಭಾಷಾ ಯೋಜನೆ, ಶಾಸ್ತ್ರಭಾಷೆ, ಪಾರಿಭಾಷಿಕ ಪದ, ಅನುವಾದ, ಬೋಧನಾ ಮಾಧ್ಯಮ, ನೀಟ್

1. ಪ್ರಸ್ತಾವನೆ

2017ರ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು 11 ಲಕ್ಷಕ್ಕೂ ಹೆಚ್ಚು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ದೊರೆತದ್ದು ಆ ವರ್ಷವೇ ಮೊದಲು. ಕನ್ನಡವನ್ನು ಆಯ್ದುಕೊಂಡವರು ಸುಮಾರು 700 ಮಂದಿ. ಅದೇ ವರ್ಷ ಗುಜರಾತಿಯನ್ನು ಆಯ್ದುಕೊಂಡವರು 47 ಸಾವಿರಕ್ಕೂ ಹೆಚ್ಚು, ಬಂಗಾಳಿಯನ್ನು ಆಯ್ದುಕೊಂಡವರು 34 ಸಾವಿರಕ್ಕೂ ಹೆಚ್ಚು, ತಮಿಳನ್ನು ಆಯ್ದುಕೊಂಡವರು ಸುಮಾರು 15 ಸಾವಿರ. ನಂತರದ ಎರಡು ಮೂರು ವರ್ಷಗಳಲ್ಲಿ ಕನ್ನಡದ ಸಂಖ್ಯೆ ಸಾವಿರದ ಆಸುಪಾಸಿಗೆ ಬಂದು ನಿಂತಿತು.

ಈ ಅಂತರಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವೊಂದಿದೆ: ಕನ್ನಡಿಗರಿಗೆ ಭಾಷಾಭಿಮಾನ ಸಾಲದು, ಅವರು ಇಂಗ್ಲಿಷಿನ ವ್ಯಾಮೋಹಕ್ಕೆ ಒಳಗಾಗಿದ್ದಾರೆ. ಈ ಉತ್ತರ ಸುಲಭವಾದದ್ದು, ಆದರೆ ಏನನ್ನೂ ವಿವರಿಸುವುದಿಲ್ಲ. ಗುಜರಾತಿನಲ್ಲಿ ಇಂಗ್ಲಿಷಿನ ಆಕರ್ಷಣೆ ಕರ್ನಾಟಕಕ್ಕಿಂತ ಅರುವತ್ತು ಎಪ್ಪತ್ತು ಪಟ್ಟು ಕಡಿಮೆಯಿದೆ ಎಂದು ಯಾರೂ ಹೇಳಲಾರರು. ವಿವರಣೆಯನ್ನು ನಾವು ಬೇರೆಡೆ, ಎಂದರೆ ಪರೀಕ್ಷೆಗೆ ಮುಂಚಿನ ಎರಡು ವರ್ಷಗಳ ತರಗತಿಯಲ್ಲಿ ಮತ್ತು ಆ ತರಗತಿಯ ಭಾಷೆಯಲ್ಲಿ ಹುಡುಕಬೇಕಾಗಿದೆ.

‘ಪ್ರಾದೇಶಿಕ ಆವೃತ್ತಿ’ ಎಂಬ ಮಾತಿನ ವ್ಯಾಪ್ತಿಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯು ಪ್ರದೇಶದಿಂದ ಪ್ರದೇಶಕ್ಕೆ ಎರಡು ಬಗೆಯಲ್ಲಿ ಭಿನ್ನವಾಗಬಹುದು. ಪ್ರಶ್ನೆಗಳೇ ಬೇರೆಯಾಗುವುದು ಒಂದು ಬಗೆ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ 1985ರಲ್ಲಿ ಶಾಂಘೈ ತನ್ನದೇ ಪ್ರಶ್ನೆಪತ್ರಿಕೆಯನ್ನು ರೂಪಿಸಿಕೊಳ್ಳಲಾರಂಭಿಸಿತು, 2004ರಿಂದ ಹಲವು ಪ್ರಾಂತಗಳು ಆ ದಾರಿ ಹಿಡಿದವು, ಮುಂದಿನ ದಶಕದಲ್ಲಿ ಬಹುತೇಕ ಪ್ರಾಂತಗಳು ಮತ್ತೆ ರಾಷ್ಟ್ರೀಯ ಪತ್ರಿಕೆಗಳಿಗೆ ಮರಳಿದವು. ಪ್ರಶ್ನೆಗಳು ಒಂದೇ ಆಗಿದ್ದು ಭಾಷೆ ಬೇರೆಯಾಗುವುದು ಎರಡನೆಯ ಬಗೆ. ಭಾರತದ ಪರೀಕ್ಷೆಗಳು ಈ ಎರಡನೆಯ ಬಗೆಯವು. ಆದರೆ ನೀಟ್‌ನ ಚರಿತ್ರೆಯಲ್ಲಿ ಒಂದು ವರ್ಷ ಈ ಎರಡೂ ಬಗೆಗಳು ಬೆರೆತುಹೋದವು. ಆ ಪ್ರಸಂಗದಿಂದಲೇ ಅನುವಾದದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅದನ್ನು ನಾಲ್ಕನೆಯ ಭಾಗದಲ್ಲಿ ಚರ್ಚಿಸುತ್ತೇವೆ.

2. ಪೂರ್ವಚರಿತ್ರೆ: ಭರವಸೆ ಮತ್ತು ಪಠ್ಯ

ರಾಷ್ಟ್ರೀಯ ಸ್ಪರ್ಧೆಯನ್ನು ತನ್ನ ಭಾಷೆಯಲ್ಲಿ ಎದುರಿಸುವ ಅವಕಾಶದ ಕಲ್ಪನೆ ವೈದ್ಯಕೀಯ ಪ್ರವೇಶದಿಂದ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಆಡಳಿತ ಸೇವೆಯ ಪರೀಕ್ಷೆಗಳ ಸುತ್ತ. ಸಂಸತ್ತಿನ ಉಭಯ ಸದನಗಳು ಅಂಗೀಕರಿಸಿ 1968ರ ಜನವರಿಯಲ್ಲಿ ಪ್ರಕಟವಾದ ಅಧಿಕೃತ ಭಾಷಾ ನಿರ್ಣಯವು ಉನ್ನತ ಕೇಂದ್ರ ಸೇವೆಗಳ ಪರೀಕ್ಷೆಗೆ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳನ್ನೂ ಇಂಗ್ಲಿಷನ್ನೂ ಪರ್ಯಾಯ ಮಾಧ್ಯಮವಾಗಿ ಒಪ್ಪುವ ಆಶ್ವಾಸನೆ ನೀಡಿತು. 1979ರಿಂದ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಈ ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಭ್ಯರ್ಥಿ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಾಗಿತ್ತು, ಆದರೆ ಪ್ರಶ್ನೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಓದಬೇಕಾಗಿತ್ತು. ಪದದ ಆಯ್ಕೆ, ಲಿಪ್ಯಂತರ, ವಿವರಣೆ ಎಲ್ಲವೂ ಬರೆಯುವವನ ಕೈಯಲ್ಲಿದ್ದವು. ಬಹು ಆಯ್ಕೆಯ ಪರೀಕ್ಷೆಯಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ಅಭ್ಯರ್ಥಿ ಏನನ್ನೂ ಬರೆಯುವುದಿಲ್ಲ, ಓದುತ್ತಾನಷ್ಟೆ. ಭಾಷೆಯ ಮೇಲಿನ ಅಧಿಕಾರವೆಲ್ಲ ಪ್ರಶ್ನೆಯನ್ನು ಅನುವಾದಿಸಿದವನದಾಗುತ್ತದೆ.

ಇದೇ ಕಾಲದಲ್ಲಿ ಉನ್ನತ ಶಿಕ್ಷಣವನ್ನು ದೇಶಭಾಷೆಗಳಿಗೆ ತರುವ ಪ್ರಯತ್ನವೂ ನಡೆಯಿತು. ಕೊಠಾರಿ ಆಯೋಗ (1964–66) ವಿಶ್ವವಿದ್ಯಾಲಯ ಹಂತದಲ್ಲೂ ಪ್ರಾದೇಶಿಕ ಭಾಷೆಗಳು ಮಾಧ್ಯಮವಾಗಬೇಕೆಂದು ಶಿಫಾರಸು ಮಾಡಿತು. ಅದಕ್ಕೂ ಮುನ್ನ, 1961ರಲ್ಲಿ, ವೈಜ್ಞಾನಿಕ ಹಾಗೂ ತಾಂತ್ರಿಕ ಪಾರಿಭಾಷಿಕ ಪದಗಳ ಆಯೋಗ ಸ್ಥಾಪನೆಯಾಗಿತ್ತು. ಕನ್ನಡದಲ್ಲಿ ಈ ಕೆಲಸ ಇನ್ನೂ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು, ಬಿ.ಜಿ.ಎಲ್. ಸ್ವಾಮಿಯವರ ಸಸ್ಯಶಾಸ್ತ್ರದ ಬರಹಗಳು, 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಪ್ರಕಟಣೆಗಳು ಸೇರಿ ಶತಮಾನದ ಶ್ರಮ ಇದರ ಹಿಂದಿದೆ. ಆದ್ದರಿಂದ ‘ಕನ್ನಡದಲ್ಲಿ ವಿಜ್ಞಾನದ ಪದಗಳಿಲ್ಲ’ ಎಂಬ ಮಾತು ಸುಳ್ಳು. ಪದಗಳಿವೆ. ಅವು ಯಾರ ಬಾಯಲ್ಲಿವೆ, ಯಾವ ವಯಸ್ಸಿನವರೆಗೆ ಇವೆ ಎಂಬುದೇ ಪ್ರಶ್ನೆ.

3. ಪಟ್ಟಿಯ ಬೆಳವಣಿಗೆ

ಅಖಿಲ ಭಾರತ ಮಟ್ಟದ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು (ಸಿಬಿಎಸ್‌ಇ) 1988ರಿಂದ ನಡೆಸುತ್ತಿತ್ತು. ಅದು ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಸೀಟುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಉಳಿದ ಸೀಟುಗಳಿಗೆ ರಾಜ್ಯಗಳು ತಮ್ಮದೇ ಕ್ರಮವನ್ನು ಅನುಸರಿಸುತ್ತಿದ್ದವು. ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯಿತ್ತು. ತಮಿಳುನಾಡು 2006ರ ಶಾಸನದ ಮೂಲಕ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟು ಹನ್ನೆರಡನೆಯ ತರಗತಿಯ ಅಂಕಗಳನ್ನು ಆಧಾರವಾಗಿಸಿಕೊಂಡಿತು. ಅಖಿಲ ಭಾರತ ಪರೀಕ್ಷೆ ಕಡಿಮೆ ಸೀಟುಗಳಿಗೆ ಸೀಮಿತವಾಗಿದ್ದಷ್ಟು ಕಾಲ ಅದರ ಭಾಷೆ ವಿವಾದದ ವಿಷಯವಾಗಲಿಲ್ಲ.

ಭಾರತೀಯ ವೈದ್ಯಕೀಯ ಪರಿಷತ್ತು 2010ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆಯೆಂದು ಅಧಿಸೂಚನೆ ಹೊರಡಿಸಿದಾಗ ಸ್ಥಿತಿ ಬದಲಾಯಿತು. 2013ರ ಮೇ 5ರಂದು ನಡೆದ ಮೊದಲ ನೀಟ್ ಇಂಗ್ಲಿಷ್, ಹಿಂದಿಗಳ ಜತೆಗೆ ಅಸ್ಸಾಮಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು ಮತ್ತು ತೆಲುಗು ಭಾಷೆಗಳಲ್ಲಿತ್ತು. ಕನ್ನಡ ಇರಲಿಲ್ಲ. ಅದೇ ವರ್ಷದ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯ ಬಹುಮತದ ತೀರ್ಪಿನಿಂದ ಪರೀಕ್ಷೆಯನ್ನು ರದ್ದುಗೊಳಿಸಿತು. 2016ರ ಏಪ್ರಿಲ್ 11ರಂದು ಆ ತೀರ್ಪನ್ನು ಹಿಂದಕ್ಕೆ ಪಡೆಯಲಾಯಿತು. ಮೇ 1 ಮತ್ತು ಜುಲೈ 24ರಂದು ಎರಡು ಹಂತಗಳಲ್ಲಿ ನಡೆದ ಆ ವರ್ಷದ ಪರೀಕ್ಷೆ ಮತ್ತೆ ಇಂಗ್ಲಿಷ್ ಮತ್ತು ಹಿಂದಿಗೆ ಸೀಮಿತವಾಯಿತು. ರಾಜ್ಯಗಳ ಆಕ್ಷೇಪಗಳಲ್ಲಿ ಭಾಷೆಯ ಕೊರತೆಯೂ ಒಂದಾಗಿತ್ತು. ಮೇ ತಿಂಗಳ ಸುಗ್ರೀವಾಜ್ಞೆ ರಾಜ್ಯಗಳ ಸೀಟುಗಳಿಗೆ ಆ ಒಂದು ವರ್ಷದ ವಿನಾಯಿತಿ ನೀಡಿತು.

ಮುಂದೆ ಸಂಸತ್ತು ಅಂಗೀಕರಿಸಿದ 2016ರ ತಿದ್ದುಪಡಿ ಕಾಯ್ದೆಯ 10ಡಿ ವಿಧಿಯು ಪರೀಕ್ಷೆಯನ್ನು ಹಿಂದಿ, ಇಂಗ್ಲಿಷ್ ಮತ್ತು ನಿಯಮಿಸಲಾಗುವ ಇತರ ಭಾಷೆಗಳಲ್ಲಿ ನಡೆಸಬೇಕೆಂದಿತು. ಮೂರು ವರ್ಷಗಳ ನಂತರ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 14ನೆಯ ವಿಧಿ ಹೆಸರಿಸುವುದು ಇಂಗ್ಲಿಷ್ ಒಂದನ್ನೇ. ಉಳಿದವೆಲ್ಲ ‘ಇತರ ಭಾಷೆಗಳು’. ಈ ಪದಾಂತರದಿಂದ ಪರೀಕ್ಷಾ ಕೊಠಡಿಯಲ್ಲಿ ಏನೂ ಬದಲಾಗಲಿಲ್ಲ. ಆದರೂ ಶಾಸನದ ಪಠ್ಯವನ್ನು ಓದುವ ಭಾಷಾವಿಜ್ಞಾನಿಗೆ ಇದು ಮಹತ್ವದ ಸೂಚನೆ. ಕಾಯ್ದೆಯಲ್ಲಿ ಮೂಲಪಠ್ಯದ ಸ್ಥಾನ ಈಗ ಒಂದೇ ಭಾಷೆಗೆ ಮೀಸಲಾಗಿದೆ.

2017ರ ಪರೀಕ್ಷೆಗೆ ಮೊದಲು ಪ್ರಕಟವಾದ ಪಟ್ಟಿಯಲ್ಲಿದ್ದದ್ದು 2013ರ ಎಂಟು ಭಾಷೆಗಳೇ. ಒತ್ತಾಯದ ನಂತರ ಕನ್ನಡ ಮತ್ತು ಒಡಿಯಾ ಸೇರಿದವು. ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಕೆಯಾದ ಬಳಿಕ 2018ರಿಂದ ಉರ್ದು ಸೇರಿತು. 2021ರಲ್ಲಿ ಮಲಯಾಳಂ ಮತ್ತು ಪಂಜಾಬಿ ಸೇರಿ ಸಂಖ್ಯೆ ಹದಿಮೂರಾಯಿತು. ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಕೊಂಕಣಿ, ಮಣಿಪುರಿ, ಸಂತಾಲಿ, ಬೋಡೊ ಮೊದಲಾದ ಹತ್ತು ಇನ್ನೂ ಹೊರಗಿವೆ. ಅನುಸೂಚಿಯಲ್ಲೇ ಇಲ್ಲದ ತುಳುವಿನಂಥ ಭಾಷೆಗಳ ಮಾತು ದೂರದ್ದು. ಒಟ್ಟಿನಲ್ಲಿ, ಪಟ್ಟಿ ಬೆಳೆದದ್ದು ಯಾವುದೇ ಭಾಷಿಕ ಮಾನದಂಡದಿಂದಲ್ಲ. ರಾಜ್ಯಗಳ ಕೋರಿಕೆ, ಸಾರ್ವಜನಿಕ ಒತ್ತಾಯ ಮತ್ತು ನ್ಯಾಯಾಲಯದ ಮಧ್ಯಪ್ರವೇಶಗಳಿಂದ ಅದು ಒಂದೊಂದಾಗಿ ಕೂಡುತ್ತ ಹೋಯಿತು. ಎಂಜಿನಿಯರಿಂಗ್ ಪ್ರವೇಶದ ರಾಷ್ಟ್ರೀಯ ಪರೀಕ್ಷೆಯ ಕತೆಯೂ ಇದೇ. ಗುಜರಾತ್ ತನ್ನ ಪ್ರವೇಶಗಳಿಗೆ ಆ ಪರೀಕ್ಷೆಯನ್ನು ಒಪ್ಪಿಕೊಂಡಿದ್ದರಿಂದ ಗುಜರಾತಿ ಆವೃತ್ತಿ ಬಂತು. 2019ರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಈ ಅಸಮಾನತೆಯನ್ನು ಬಹಿರಂಗವಾಗಿ ಪ್ರಶ್ನಿಸಿದರು. 2021ರಲ್ಲಿ ಅದೂ ಹದಿಮೂರು ಭಾಷೆಗಳಿಗೆ ವಿಸ್ತರಿಸಿತು.

4. ಸಮಾನ ಪತ್ರಿಕೆಯೋ, ಒಂದೇ ಪತ್ರಿಕೆಯೋ?

2017ರಲ್ಲಿ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ಕೆಲವು ಪ್ರಾದೇಶಿಕ ಭಾಷೆಗಳಲ್ಲಿ ನೀಡಿದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿ ಪತ್ರಿಕೆಯ ಪ್ರಶ್ನೆಗಳ ಅನುವಾದವಾಗಿರಲಿಲ್ಲ, ಬೇರೆಯೇ ಪ್ರಶ್ನೆಗಳಾಗಿದ್ದವು. ಕಾಠಿಣ್ಯದ ಮಟ್ಟ ಒಂದೇ ಎಂಬುದು ಮಂಡಳಿಯ ಸಮರ್ಥನೆಯಾಗಿತ್ತು. ಅಭ್ಯರ್ಥಿಗಳು ಅದನ್ನು ಒಪ್ಪಲಿಲ್ಲ. ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೈ ಪೀಠ ಫಲಿತಾಂಶಕ್ಕೆ ತಾತ್ಕಾಲಿಕ ತಡೆ ನೀಡಿತು, ಸರ್ವೋಚ್ಚ ನ್ಯಾಯಾಲಯ ಜೂನ್‌ನಲ್ಲಿ ಆ ತಡೆಯನ್ನು ತೆರವುಗೊಳಿಸಿತು. ಬಳಿಕ ಆಗಸ್ಟ್‌ನಲ್ಲಿ, ಮುಂದಿನ ವರ್ಷದಿಂದ ಎಲ್ಲ ಭಾಷೆಗಳಲ್ಲೂ ಅವೇ ಪ್ರಶ್ನೆಗಳಿರಬೇಕೆಂಬ ನಿಲುವು ನ್ಯಾಯಾಲಯದಲ್ಲಿ ಸ್ಥಿರಪಟ್ಟಿತು.

ಈ ನಿಲುವಿನ ಹಿಂದಿರುವ ತರ್ಕ ಸರಳ: ಪ್ರಶ್ನೆ ಒಂದೇ ಆದರೆ ಕಾಠಿಣ್ಯವೂ ಒಂದೇ. ಆದರೆ ಭಾಷೆ ಅರ್ಥವನ್ನು ಸಾಗಿಸುವ ಪಾರದರ್ಶಕ ಪಾತ್ರೆಯಾಗಿದ್ದರೆ ಮಾತ್ರ ಈ ತರ್ಕ ನಿಲ್ಲುತ್ತದೆ. ಮರುವರ್ಷವೇ ಅದು ಪರೀಕ್ಷೆಗೊಳಗಾಯಿತು. 2018ರ ತಮಿಳು ಪತ್ರಿಕೆಯ 180 ಪ್ರಶ್ನೆಗಳಲ್ಲಿ 49ರ ಅನುವಾದ ದೋಷಪೂರ್ಣವಾಗಿದೆಯೆಂದು ಸಂಸದ ಟಿ.ಕೆ. ರಂಗರಾಜನ್ ಅವರು ಮದುರೈ ಪೀಠದ ಮೊರೆಹೋದರು. ಪೀಠವು ಜುಲೈ 10ರಂದು ತಮಿಳಿನಲ್ಲಿ ಪರೀಕ್ಷೆ ಬರೆದ ಎಲ್ಲರಿಗೂ ಪ್ರಶ್ನೆಗೆ 4ರಂತೆ 196 ಅಂಕಗಳನ್ನು ನೀಡಲು ಆದೇಶಿಸಿತು. ಇದು ಒಟ್ಟು 720 ಅಂಕಗಳ ಕಾಲು ಭಾಗಕ್ಕಿಂತ ಹೆಚ್ಚು. ಸರ್ವೋಚ್ಚ ನ್ಯಾಯಾಲಯ ಹತ್ತು ದಿನಗಳಲ್ಲಿ ಇದಕ್ಕೆ ತಡೆ ನೀಡಿ, ನವೆಂಬರ್ 22ರಂದು ಆದೇಶವನ್ನೇ ರದ್ದುಪಡಿಸಿತು.

196 ಅಂಕಗಳನ್ನು ಎಲ್ಲರಿಗೂ ಒಟ್ಟಾಗಿ ಹಂಚುವ ಪರಿಹಾರ ಸಮರ್ಥನೀಯವಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಸರಿಯಾಗಿ ಉತ್ತರಿಸಿದವನಿಗೂ ಉತ್ತರಿಸದವನಿಗೂ ಅದು ವ್ಯತ್ಯಾಸವೆಣಿಸಲಿಲ್ಲ. ಆದರೆ ವ್ಯಾಜ್ಯದ ಕೇಂದ್ರದಲ್ಲಿದ್ದ ಷರತ್ತು ಅಳಿಯಲಿಲ್ಲ. ಪ್ರಾದೇಶಿಕ ಭಾಷೆಯನ್ನು ಆಯ್ದ ಅಭ್ಯರ್ಥಿಗೆ ಇಂಗ್ಲಿಷ್ ಪಠ್ಯವೂ ಜತೆಗಿರುವ ದ್ವಿಭಾಷಾ ಪುಸ್ತಿಕೆ ಸಿಗುತ್ತದೆ. ಅನುವಾದದಲ್ಲಿ ಸಂದಿಗ್ಧತೆ ಕಂಡರೆ ಇಂಗ್ಲಿಷ್ ಪಠ್ಯವೇ ಅಂತಿಮ. ಈ ಷರತ್ತಿನ ಭಾಷಿಕ ಪರಿಣಾಮ ಗಂಭೀರವಾದದ್ದು. ಪಠ್ಯ ಸಂದಿಗ್ಧವಾಗಿದೆ ಎಂದು ಗುರುತಿಸಬೇಕಾದವನು ಅಭ್ಯರ್ಥಿ. ಅದನ್ನು ಇಂಗ್ಲಿಷಿನೊಡನೆ ಹೋಲಿಸಬೇಕಾದವನೂ ಅವನೇ. ಇಂಗ್ಲಿಷಿನಲ್ಲಿ ಓದಿ ನಿಶ್ಚಯಿಸಬಲ್ಲವನು ಪ್ರಾದೇಶಿಕ ಭಾಷೆಯನ್ನು ಆಯ್ದುಕೊಳ್ಳುವ ಅಗತ್ಯವೇ ಇರಲಿಲ್ಲ. ಹೀಗೆ, ಅನುವಾದಕನ ತಪ್ಪಿನ ಬೆಲೆಯನ್ನು ಅದನ್ನು ಪತ್ತೆಹಚ್ಚಲು ಅತ್ಯಂತ ಕಡಿಮೆ ಸಾಮರ್ಥ್ಯವಿರುವ ಓದುಗನ ಮೇಲೆ ಹೊರಿಸಲಾಗಿದೆ.

ತಮಿಳು ವಿವಾದದಲ್ಲಿ ಪತ್ರಿಕೆಗಳು ಹೆಚ್ಚಾಗಿ ಉಲ್ಲೇಖಿಸಿದ್ದು ‘ಚೀತಾ’ ಎಂಬ ಪ್ರಾಣಿಯ ಹೆಸರನ್ನು. ‘ಸಿರುತ್ತೈ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಲಿಪ್ಯಂತರ ಬಂದಿತ್ತು. ತಮಿಳು ಲಿಪಿಯಲ್ಲಿ ಚಕಾರ ಸಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ಆ ರೂಪವನ್ನು ‘ಸೀತಾ’ ಎಂದೂ ಓದಬಹುದು. ಲಿಪ್ಯಂತರವೆಂದರೆ ಅನುವಾದದ ಅಪಾಯದಿಂದ ಪಾರಾಗುವ ದಾರಿಯೆಂಬ ನಂಬಿಕೆ ಲಿಪಿಯ ಸ್ವರೂಪವನ್ನು ಲೆಕ್ಕಿಸದಿದ್ದಾಗ ಹೇಗೆ ಕುಸಿಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಸೂಚಿತ ಪದವೂ ಪೂರ್ಣ ಇತ್ಯರ್ಥವಾದದ್ದಲ್ಲ. ತಮಿಳಿನ ‘ಸಿರುತ್ತೈ’ ಮತ್ತು ಕನ್ನಡದ ‘ಚಿರತೆ’ ಇಂದಿನ ಬಳಕೆಯಲ್ಲಿ ಮುಖ್ಯವಾಗಿ ಬೇರೊಂದು ಪ್ರಾಣಿಯನ್ನು, ನಮ್ಮ ಕಾಡುಗಳಲ್ಲಿ ಇಂದಿಗೂ ಇರುವ ಚುಕ್ಕೆಯ ಮೃಗವನ್ನು ಸೂಚಿಸುತ್ತವೆ.

5. ಒಂದೇ ಪದ, ಬೇರೆ ಬೇರೆ ಶಾಸ್ತ್ರ

ಪ್ರಾಣಿಯ ಹೆಸರಿನ ತಪ್ಪು ಕಣ್ಣಿಗೆ ಬೀಳುತ್ತದೆ, ನಗೆಗೂ ಗುರಿಯಾಗುತ್ತದೆ. ಕಣ್ಣಿಗೆ ಬೀಳದ ತೊಡಕು ಪಾರಿಭಾಷಿಕ ಪದಗಳಲ್ಲಿದೆ. ಭಾರತೀಯ ಭಾಷೆಗಳೆಲ್ಲ ಸಂಸ್ಕೃತದಿಂದ ಪದಗಳನ್ನು ಪಡೆದಿರುವುದರಿಂದ ಶಾಸ್ತ್ರಭಾಷೆ ಸುಮಾರಾಗಿ ಒಂದೇ ಎಂಬ ಕಲ್ಪನೆ ಆಡಳಿತ ವಲಯದಲ್ಲಿ ಬಲವಾಗಿದೆ. ಭೌತವಿಜ್ಞಾನದ ಪ್ರಾಥಮಿಕ ಪದಗಳನ್ನೇ ಪರಿಶೀಲಿಸೋಣ.

ಇಂಗ್ಲಿಷಿನ ‘ವೆಲಾಸಿಟಿ’ಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ ‘ವೇಗ’, ‘ಸ್ಪೀಡ್’ಗೆ ‘ಜವ’. ಹಿಂದಿ ಮತ್ತು ಮರಾಠಿಯಲ್ಲಿ ಕ್ರಮವಾಗಿ ‘ವೇಗ್’, ‘ಚಾಲ್’. ತೆಲುಗಿನಲ್ಲಿ ‘ವೇಗಂ’, ‘ವಡಿ’. ಬಂಗಾಳಿಯಲ್ಲಿ ‘ಬೇಗ್’, ‘ದ್ರುತಿ’. ಗುಜರಾತಿಯಲ್ಲಿ ‘ವೇಗ್’, ‘ಝಡಪ್’. ಇಲ್ಲಿಯವರೆಗೆ ಸಾಮ್ಯವಿದೆ. ಆದರೆ ತಮಿಳಿನಲ್ಲಿ ‘ವೇಗಂ’ ಎಂದರೆ ‘ಸ್ಪೀಡ್’. ‘ವೆಲಾಸಿಟಿ’ಗೆ ದಿಕ್ಕನ್ನು ಸೂಚಿಸುವ ಪದವನ್ನು ಸೇರಿಸಿ ‘ತಿಸೈವೇಗಂ’ ಎನ್ನುತ್ತಾರೆ. ಮಲಯಾಳಂನಲ್ಲಿ ‘ವೇಗಂ’ ಅಥವಾ ‘ವೇಗತ’ ಎಂದರೆ ‘ಸ್ಪೀಡ್’, ‘ಪ್ರವೇಗಂ’ ಎಂದರೆ ‘ವೆಲಾಸಿಟಿ’. ಇದೇ ‘ಪ್ರವೇಗ್’ ಗುಜರಾತಿಯಲ್ಲಿ ‘ಅಕ್ಸಲರೇಶನ್’ ಆಗಿದೆ. ಆ ಪರಿಕಲ್ಪನೆಗೆ ಹಿಂದಿ, ಮರಾಠಿ, ಬಂಗಾಳಿ, ತೆಲುಗು, ಮಲಯಾಳಂಗಳಲ್ಲಿ ‘ತ್ವರಣ’ದ ರೂಪಗಳಿದ್ದರೆ ಕನ್ನಡದಲ್ಲಿ ‘ವೇಗೋತ್ಕರ್ಷ’ ಎಂಬ ಪ್ರತ್ಯೇಕ ಪದವಿದೆ, ತಮಿಳಿನಲ್ಲಿ ‘ಮುಡುಕ್ಕಂ’ ಇದೆ.

ಇನ್ನೂ ಅಪಾಯಕಾರಿಯಾದದ್ದು ‘ಶಕ್ತಿ’. ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ‘ಶಕ್ತಿ’ ಎಂದರೆ ‘ಎನರ್ಜಿ’. ‘ಪವರ್’ಗೆ ‘ಸಾಮರ್ಥ್ಯ’ ಎನ್ನುತ್ತೇವೆ. ಹಿಂದಿಯ ಭೌತವಿಜ್ಞಾನದಲ್ಲಿ ‘ಶಕ್ತಿ’ ಎಂದರೆ ‘ಪವರ್’, ‘ಎನರ್ಜಿ’ಗೆ ‘ಊರ್ಜಾ’. ಈ ಎರಡು ಪರಿಮಾಣಗಳ ಮಾನಗಳೇ ಬೇರೆ: ಒಂದು ಜೂಲ್, ಇನ್ನೊಂದು ವಾಟ್. ಹಿಂದಿ ಪಠ್ಯವನ್ನು ಆಸರೆಯಾಗಿಟ್ಟುಕೊಂಡು ಕನ್ನಡಕ್ಕೆ ತರುವ ಅನುವಾದಕ, ಅಥವಾ ಸಂಸ್ಕೃತ ಪದವೆಂಬ ಭರವಸೆಯಿಂದ ಅದನ್ನು ಹಾಗೆಯೇ ಉಳಿಸಿಕೊಳ್ಳುವ ಅನುವಾದಕ, ವ್ಯಾಕರಣಬದ್ಧವಾದ, ಓದಲು ಸಲೀಸಾದ, ಆದರೆ ಭೌತವಿಜ್ಞಾನದ ದೃಷ್ಟಿಯಿಂದ ತಪ್ಪಾದ ವಾಕ್ಯವನ್ನು ಬರೆಯಬಲ್ಲ. ‘ಸಂದಿಗ್ಧತೆ ಕಂಡರೆ’ ಎಂಬ ಷರತ್ತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಂಥ ವಾಕ್ಯದಲ್ಲಿ ಸಂದಿಗ್ಧತೆ ಕಾಣುವುದೇ ಇಲ್ಲ.

ಈ ಭೇದಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂಬುದಿಲ್ಲ. ಪ್ರತಿಯೊಂದು ಭಾಷೆಯೂ ತನ್ನ ಪಠ್ಯಪುಸ್ತಕ ಸಮಿತಿಗಳು, ನಿಘಂಟುಕಾರರು ಮತ್ತು ಶಿಕ್ಷಕರ ಮೂಲಕ ತನ್ನದೇ ವ್ಯವಸ್ಥೆಯನ್ನು ಕಟ್ಟಿಕೊಂಡಿದೆ. ಪಾರಿಭಾಷಿಕ ಪದಕ್ಕೆ ಅರ್ಥ ಬರುವುದು ಧಾತುವಿನಿಂದಲ್ಲ, ಆ ವ್ಯವಸ್ಥೆಯಲ್ಲಿ ಅದಕ್ಕಿರುವ ಸ್ಥಾನದಿಂದ. ‘ವೇಗ’ಕ್ಕೆ ಶಾಸ್ತ್ರದಲ್ಲಿ ದಿಕ್ಕು ಬಂದದ್ದು ಪಕ್ಕದಲ್ಲಿ ‘ಜವ’ ಇರುವುದರಿಂದ. ‘ಜವ’ವನ್ನು ಕಲಿಯದವನಿಗೆ ‘ವೇಗ’ ಬರಿಯ ಆಡುಮಾತಿನ ವೇಗ. ಆದ್ದರಿಂದ ಪ್ರಾದೇಶಿಕ ಆವೃತ್ತಿಯ ಅನುವಾದವು ಇಂಗ್ಲಿಷಿನಿಂದ ‘ಕನ್ನಡಕ್ಕೆ’ ಆಗುವುದಿಲ್ಲ. ಅದು ಒಂದು ನಿರ್ದಿಷ್ಟ ರಾಜ್ಯದ ನಿರ್ದಿಷ್ಟ ತರಗತಿಯ ಪಠ್ಯಪುಸ್ತಕದ ಕನ್ನಡಕ್ಕೆ ಆಗಬೇಕು.

6. ಓದುಗನಿಲ್ಲದ ಪಠ್ಯ

ಹಾಗಾದರೆ ನೀಟ್‌ನ ಪಠ್ಯಕ್ರಮವಾದ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಕನ್ನಡ ಯಾವುದು? ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಲಕ್ಷಾಂತರ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುತ್ತಾರೆ. ಪದವಿಪೂರ್ವ ಹಂತದ ವಿಜ್ಞಾನ ಬೋಧನೆ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಗುಜರಾತ್, ಪಶ್ಚಿಮ ಬಂಗಾಳ, ತಮಿಳುನಾಡುಗಳಲ್ಲಿ ಹನ್ನೆರಡನೆಯ ತರಗತಿಯ ವಿಜ್ಞಾನವನ್ನು ರಾಜ್ಯಭಾಷೆಯ ಮಾಧ್ಯಮದಲ್ಲಿ ಓದಿ, ರಾಜ್ಯಭಾಷೆಯಲ್ಲೇ ಪರೀಕ್ಷೆ ಬರೆಯುವ ದೊಡ್ಡ ವಿದ್ಯಾರ್ಥಿ ಸಮುದಾಯಗಳಿವೆ. ಪ್ರಾರಂಭದಲ್ಲಿ ಹೇಳಿದ ಅಂಕಿಗಳಿಗೆ ನಮ್ಮ ವಿವರಣೆ ಇದೇ. 47 ಸಾವಿರ ಮತ್ತು 700ರ ನಡುವಿನ ಅಂತರ ಅಭಿಮಾನದ ಅಂತರವಲ್ಲ, ಎರಡು ತರಗತಿಗಳ ಅಂತರ.

ಕನ್ನಡ ಮಾಧ್ಯಮದಿಂದ ಬಂದ ಅಭ್ಯರ್ಥಿ ಕನ್ನಡ ಪತ್ರಿಕೆಯನ್ನು ಆಯ್ದುಕೊಂಡನೆಂದು ಭಾವಿಸೋಣ. ‘ಜವ’, ‘ದ್ಯುತಿಸಂಶ್ಲೇಷಣೆ’, ‘ಉತ್ಕರ್ಷಣ’, ‘ಅಪಕರ್ಷಣ’ ಅವನಿಗೆ ಹತ್ತನೆಯ ತರಗತಿಯಿಂದ ಪರಿಚಿತ. ಬೆಳಕಿನ ತರಂಗಸ್ವರೂಪದ ಪಾಠವನ್ನು ಅವನು ಕಲಿತದ್ದು ಇಂಗ್ಲಿಷಿನಲ್ಲಿ. ‘ಇಂಟರ್‌ಫಿಯರೆನ್ಸ್’, ‘ಡಿಫ್ರ್ಯಾಕ್ಷನ್’ ಅವನಿಗೆ ಗೊತ್ತು. ‘ವ್ಯತಿಕರಣ’, ‘ವಿವರ್ತನೆ’ ಎಂಬ ಪದಗಳನ್ನು ಅವನು ಮೊದಲ ಬಾರಿಗೆ ನೋಡುವುದು ಪರೀಕ್ಷಾ ಕೊಠಡಿಯಲ್ಲಿ. ತಳಿವಿಜ್ಞಾನದಲ್ಲಿ ಒಂದೇ ಪರಿಕಲ್ಪನೆಗೆ ‘ವಂಶವಾಹಿ’ ಮತ್ತು ‘ಜೀನ್’ ಎರಡೂ ಬಳಕೆಯಲ್ಲಿವೆ. ಯಾವುದು ಎದುರಾಗುವುದೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ. ಹೀಗಾಗಿ ದ್ವಿಭಾಷಾ ಪುಸ್ತಿಕೆಯನ್ನು ಅವನು ಉದ್ದೇಶಕ್ಕೆ ವ್ಯತಿರಿಕ್ತವಾಗಿ ಓದಬೇಕಾಗುತ್ತದೆ: ವಾಕ್ಯಕ್ಕೆ ಕನ್ನಡ, ಪದಕ್ಕೆ ಇಂಗ್ಲಿಷ್. ಮೂರು ಗಂಟೆಯ ಪರೀಕ್ಷೆಯಲ್ಲಿ 180 ಪ್ರಶ್ನೆಗಳನ್ನು ಪ್ರಶ್ನೆಗೆ ಒಂದು ನಿಮಿಷದಂತೆ ಬಿಡಿಸಬೇಕಾದವನಿಗೆ ಈ ಓಡಾಟ ಸಣ್ಣ ಹೊರೆಯಲ್ಲ.

ವಾಕ್ಯರಚನೆಯ ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. ನಾವೇ ರಚಿಸಿಕೊಂಡ ಒಂದು ಮಾದರಿಯನ್ನು ನೋಡಬಹುದು: ‘ಘರ್ಷಣೆಯಿಲ್ಲದ ಇಳಿಜಾರು ತಲದ ಮೇಲ್ತುದಿಯಲ್ಲಿ ನಿಶ್ಚಲ ಸ್ಥಿತಿಯಿಂದ ಬಿಡಲಾದ, 2 ಕಿಲೋಗ್ರಾಂ ದ್ರವ್ಯರಾಶಿಯುಳ್ಳ ಕಾಯವು ತಲದ ಬುಡವನ್ನು ತಲುಪುವಾಗ ಹೊಂದಿರುವ ವೇಗಕ್ಕೆ ಸಂಬಂಧಿಸಿದಂತೆ ಕೆಳಗಿನವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು?’ ಈ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಇಂಗ್ಲಿಷಿನಲ್ಲಿ ನಾಮಪದದ ನಂತರ ಒಂದೊಂದಾಗಿ ಬಿಚ್ಚಿಕೊಳ್ಳುವ ವಿಶೇಷಣ ವಾಕ್ಯಗಳು ಕನ್ನಡದಲ್ಲಿ ನಾಮಪದಕ್ಕೆ ಮುಂಚೆಯೇ ಪೇರಿಕೊಂಡು ನಿಲ್ಲುತ್ತವೆ. ಯಾವ ವಸ್ತುವಿನ ಬಗ್ಗೆ ಮಾತು ಎಂಬುದು ತಿಳಿಯುವ ಮೊದಲೇ ಅದರ ಮೂರು ಗುಣಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂಗ್ಲಿಷ್ ಪತ್ರಿಕೆಯಲ್ಲಿ ನಿಷೇಧವನ್ನು ಪ್ರತ್ಯೇಕ ಪದವಾಗಿ ಎದ್ದು ಕಾಣುವಂತೆ ಮುದ್ರಿಸಬಹುದು. ಕನ್ನಡದಲ್ಲಿ ಅದು ‘ಸರಿಯಲ್ಲದ’ ಎಂಬ ಕೃದಂತದೊಳಗೆ ಅಡಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಕನ್ನಡದಲ್ಲಿ ಯೋಚಿಸಿ ಬರೆಯುವವನು ಇದನ್ನು ಎರಡು ಮೂರು ವಾಕ್ಯಗಳಾಗಿ ಒಡೆಯುತ್ತಾನೆ: ಮೊದಲು ಕಾಯವನ್ನು ಇಡುತ್ತಾನೆ, ಆಮೇಲೆ ಬಿಡುತ್ತಾನೆ, ಕೊನೆಗೆ ಕೇಳುತ್ತಾನೆ. ಮೂಲವನ್ನು ವಾಕ್ಯಕ್ಕೆ ವಾಕ್ಯವಾಗಿ ಹಿಂಬಾಲಿಸುವ ಅನುವಾದದಲ್ಲಿ ಈ ಸ್ವಾತಂತ್ರ್ಯವಿರುವುದಿಲ್ಲ.

ಹೈಂಜ್ ಕ್ಲಾಸ್ ಅವರು 1969ರಲ್ಲಿ ಭಾಷಾ ಯೋಜನೆಯಲ್ಲಿ ಸ್ಥಾನಮಾನದ ಯೋಜನೆ ಮತ್ತು ಸ್ವರೂಪದ ಯೋಜನೆ ಎಂಬ ಭೇದವನ್ನು ಮಾಡಿದರು. ರಾಬರ್ಟ್ ಕೂಪರ್ 1989ರಲ್ಲಿ ಕಲಿಕೆಯ ಯೋಜನೆಯನ್ನು ಅದಕ್ಕೆ ಸೇರಿಸಿದರು. ಕನ್ನಡ ಆವೃತ್ತಿಯ ಚರಿತ್ರೆಯನ್ನು ಈ ಚೌಕಟ್ಟಿನಲ್ಲಿಟ್ಟರೆ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ. ಸ್ವರೂಪದ ಕೆಲಸ, ಎಂದರೆ ಪದನಿರ್ಮಾಣ, 1918ರಿಂದಲೂ ನಡೆದಿದೆ. ಸ್ಥಾನಮಾನ 2017ರಲ್ಲಿ ಅಧಿಸೂಚನೆಯ ಮೂಲಕ ಬಂತು. ಇವೆರಡನ್ನೂ ಜೋಡಿಸಬೇಕಾದ ಕಲಿಕೆಯ ಕೊಂಡಿ ಹತ್ತನೆಯ ತರಗತಿಯಲ್ಲಿ ಕಡಿದುಹೋಗಿದೆ.

7. ಭೂಪಟಕ್ಕೆ ಕಟ್ಟಿದ ಭಾಷೆ

‘ಪ್ರಾದೇಶಿಕ’ ಎಂಬ ವಿಶೇಷಣವನ್ನು ಪರೀಕ್ಷಾ ವ್ಯವಸ್ಥೆ ಅಕ್ಷರಶಃ ಪಾಲಿಸುತ್ತದೆ. 2019ರಿಂದ ಪರೀಕ್ಷೆಯನ್ನು ನಡೆಸುತ್ತಿರುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಮಾಹಿತಿ ಪುಸ್ತಿಕೆಗಳ ಪ್ರಕಾರ ಇಂಗ್ಲಿಷ್, ಹಿಂದಿ ಮತ್ತು ಉರ್ದು ಪತ್ರಿಕೆಗಳು ದೇಶದ ಎಲ್ಲ ಕೇಂದ್ರಗಳಲ್ಲಿ ಲಭ್ಯ. ಕನ್ನಡ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಮಲಯಾಳಂ ಕೇರಳ ಮತ್ತು ಲಕ್ಷದ್ವೀಪಗಳಲ್ಲಿ, ಮರಾಠಿ ಮಹಾರಾಷ್ಟ್ರದಲ್ಲಿ.

ಇದರ ಪರಿಣಾಮ ಗಡಿಯಲ್ಲಿ ಕಾಣುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗಾಗಿ ಕೇರಳ ಸರ್ಕಾರ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ನೀಡುತ್ತದೆ. ರಾಷ್ಟ್ರೀಯ ಪರೀಕ್ಷೆಯಲ್ಲಿ ಅದೇ ವಿದ್ಯಾರ್ಥಿಗೆ ತನ್ನ ಜಿಲ್ಲೆಯಲ್ಲಿ ಕನ್ನಡ ಸಿಗುವುದಿಲ್ಲ, ಅದಕ್ಕಾಗಿ ಮಂಗಳೂರಿಗೆ ಬರಬೇಕು. ಇತ್ತ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಮಂಜೇಶ್ವರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ ಮೊದಲಾದ ಪ್ರದೇಶಗಳ ಗಡಿನಾಡ ಕನ್ನಡಿಗರಿಗೆ ರಾಜ್ಯದ ಸೀಟುಗಳಿಗೆ ಅರ್ಹತೆ ನೀಡುವ ಮೊದಲು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಒಂದು ವ್ಯವಸ್ಥೆ ‘ನಿನಗೆ ಕನ್ನಡ ಬರುತ್ತದೆಂದು ತೋರಿಸು’ ಎನ್ನುತ್ತದೆ, ಇನ್ನೊಂದು ‘ನಿನ್ನ ಊರಿನಲ್ಲಿ ಕನ್ನಡ ಇಲ್ಲ’ ಎನ್ನುತ್ತದೆ. ಬೆಳಗಾವಿಯ ಮರಾಠಿ ಮಾಧ್ಯಮದ ವಿದ್ಯಾರ್ಥಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಭಾಷಿಕನೊಂದಿಗೆ ಚಲಿಸಬೇಕಾದ ಹಕ್ಕನ್ನು ರಾಜ್ಯದ ಎಲ್ಲೆಗೆ ಕಟ್ಟಿಹಾಕಿದ್ದರ ಫಲವಿದು.

8. ಉಪಸಂಹಾರ

ಎಂಟರಿಂದ ಹದಿಮೂರಕ್ಕೆ ಏರಿದ ಸಂಖ್ಯೆಯನ್ನು ನಾವು ಕಡೆಗಣಿಸುವುದಿಲ್ಲ. ಕನ್ನಡ ಪತ್ರಿಕೆಯನ್ನು ಆಯ್ದ ಆ ಕೆಲವು ನೂರು ಅಭ್ಯರ್ಥಿಗಳಿಗೆ ಅದು ಬೇಕಾಗಿತ್ತು. ಅವರ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಅದನ್ನು ಹಿಂದೆಗೆದುಕೊಳ್ಳಬೇಕೆಂಬ ವಾದಕ್ಕೆ ನಮ್ಮ ಸಮ್ಮತಿಯಿಲ್ಲ. ಆದರೆ ಪ್ರವೇಶ ಪರೀಕ್ಷೆಯ ಭಾಷಾಂತರವು ಭಾಷಾ ನೀತಿಯ ಕೊನೆಯ ಮೆಟ್ಟಿಲಾಗಬೇಕೇ ಹೊರತು ಮೊದಲನೆಯದಲ್ಲ ಎಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.

ಭಾಷಾವಿಜ್ಞಾನದ ಅಧ್ಯಯನಕಾರರಿಗೆ ಇಲ್ಲಿ ಮೂರು ಕೆಲಸಗಳಿವೆ. ಹದಿಮೂರು ಭಾಷೆಗಳ ಪ್ರಕಟಿತ ಪ್ರಶ್ನೆಪತ್ರಿಕೆಗಳು ಒಂದೇ ಮೂಲದಿಂದ ಹೊರಟ ಸಮಾಂತರ ಪಠ್ಯಸಂಗ್ರಹವಾಗಿದ್ದು, ‘ಶಕ್ತಿ’, ‘ಪ್ರವೇಗ’ಗಳಂಥ ಭ್ರಾಮಕ ಸಮಪದಗಳನ್ನು ಅವುಗಳಲ್ಲಿ ವ್ಯವಸ್ಥಿತವಾಗಿ ಪರಿಶೀಲಿಸುವುದು ಮೊದಲನೆಯದು. ಅನುವಾದವನ್ನು ಅಳೆಯಲು ರಾಜ್ಯದ ಪಠ್ಯಪುಸ್ತಕಗಳ ಪದಾವಳಿಯನ್ನೇ ಮಾನದಂಡವಾಗಿ ಸಿದ್ಧಪಡಿಸುವುದು ಎರಡನೆಯದು. ಇಂಗ್ಲಿಷ್ ಪಠ್ಯವೇ ಅಂತಿಮವೆಂಬ ಷರತ್ತನ್ನು ಓದುವಿಕೆಯ ಹೊರೆಯ ದೃಷ್ಟಿಯಿಂದ ಪ್ರಯೋಗಗಳ ಮೂಲಕ ಪರೀಕ್ಷಿಸುವುದು ಮೂರನೆಯದು. ನಾಲ್ಕನೆಯ ಕೆಲಸವೊಂದಿದೆ. ಅದು ಭಾಷಾವಿಜ್ಞಾನಿಗಳ ಕೈಯಲ್ಲಿಲ್ಲ, ಪದವಿಪೂರ್ವ ಕಾಲೇಜಿನ ಭೌತವಿಜ್ಞಾನದ ತರಗತಿಯಲ್ಲಿದೆ. ಅಲ್ಲಿ ಅಧ್ಯಾಪಕರು ‘ವ್ಯತಿಕರಣ’ ಎಂಬ ಪದವನ್ನು ಇಂಗ್ಲಿಷ್ ಪದದ ಪಕ್ಕದಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವವರೆಗೆ ಕನ್ನಡ ಆವೃತ್ತಿ ಮುದ್ರಣಗೊಳ್ಳುತ್ತಲೇ ಇರುತ್ತದೆ, ಅದರ ಓದುಗರು ಮಾತ್ರ ಸಾವಿರದ ಆಸುಪಾಸಿನಲ್ಲೇ ಉಳಿಯುತ್ತಾರೆ.